ಲೆಕ್ಕ ಬರೆದ ನಂಜಮ್ಮ

ನಮ್ಮ ಹಾಸನ ಜಿಲ್ಲೆಯ ಸಂತೇಶಿವರದಲ್ಲಿ ಹುಟ್ಟಿದ ಎಸ್.ಎಲ್. ಭೈರಪ್ಪನವರು 2025ರ ಸೆಪ್ಟೆಂಬರ್ 24ರಂದು ತೀರಿಕೊಂಡಾಗ ‘ನಮ್ಮ ಕಡೆಯವರು’ ಎಂದು ಎಲ್ಲರೂ ಹೇಳಿಕೊಂಡೆವು. ಸರಿ ಸ್ವಾಮಿ, ‘ಗೃಹಭಂಗ’ ಓದಿದವರೆಷ್ಟು ಮಂದಿ?

1970ರಲ್ಲಿ ಬಂದ ಕಾದಂಬರಿ. ಕಥೆ ತಿಪಟೂರು, ಚನ್ನರಾಯಪಟ್ಟಣದ ಸೀಮೆಯದು, ಸ್ವಾತಂತ್ರ್ಯಕ್ಕೆ ಮುಂಚಿನ ಕಾಲ. ನಂಜಮ್ಮನ ಗಂಡ ಚೆನ್ನಿಗರಾಯ ಹೆಸರಿಗೆ ಶಾನುಭೋಗ. ಶೌರ್ಯವೆಲ್ಲ ಊಟದೆಲೆಯ ಮುಂದೆ. ಅತ್ತೆ ಗಂಗಮ್ಮನ ಬಾಯಂತೂ ಕೇಳಲೇಬೇಡಿ, ಆ ಬೈಗುಳವನ್ನು ಇಲ್ಲಿ ಅಚ್ಚು ಹಾಕುವ ಹಾಗಿಲ್ಲ. ಮಕ್ಕಳು ಮೂವರು: ಪಾರ್ವತಿ, ರಾಮಣ್ಣ, ವಿಶ್ವ.

ನಂಜಮ್ಮನನ್ನು ‘ಸಹನಾಮೂರ್ತಿ’ ಎಂದು ಹೊಗಳಿ ಕೈ ತೊಳೆದುಕೊಳ್ಳುವವರಿದ್ದಾರೆ. ನನಗದು ಒಪ್ಪಿಗೆಯಿಲ್ಲ. ಸಹಿಸಿಕೊಂಡು ಕೂತವಳಲ್ಲ ಆಕೆ, ದುಡಿದವಳು. ಗಂಡನ ಕೈಲಾಗದ ಶಾನುಭೋಗಿಕೆ ಲೆಕ್ಕವನ್ನು ತಾನೇ ಕಲಿತು ಬರೆದಳು. ಹೆಸರು ಮಾತ್ರ ಗಂಡನದು. ಆ ವಂಶಪಾರಂಪರ್ಯ ಶಾನುಭೋಗಿಕೆ 1963ರಲ್ಲಿ ರದ್ದಾಯಿತು. ಹಳೇ ದಫ್ತರಗಳಲ್ಲಿ ಗಂಡಸರ ರುಜು ಇದೆ, ಅಕ್ಷರ ಯಾರದೂಂತ ಕೇಳಿದವರುಂಟೇ? ಸಾಲದ್ದಕ್ಕೆ ಮುತ್ತುಗದ ಎಲೆ ಹಚ್ಚಿ ಮಾರಿದಳು. ಮಕ್ಕಳ ಅನ್ನ, ಓದು ನಡೆದದ್ದು ಹೀಗೆ.

ಮಗಳ ಮದುವೆಯಾಯಿತು, ಮಗ ಓದುತ್ತಿದ್ದಾನೆ, ಇನ್ನೇನು ಕಷ್ಟ ತೀರಿತು ಅನ್ನುವಾಗ ಪ್ಲೇಗು! 1896ರಲ್ಲಿ ಮುಂಬಯಿಗೆ, 1898ರಲ್ಲಿ ಬೆಂಗಳೂರಿಗೆ ಕಾಲಿಟ್ಟ ಮಾರಿ ದಶಕಗಟ್ಟಲೆ ಹಳ್ಳಿಗಳನ್ನು ಬಿಡಲಿಲ್ಲ. ಇಲಿ ಬಿದ್ದರೆ ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದಿತೋ, ಬಹುಪಾಲು ಮುಗಿದಂತೆಯೇ. ಎದೆಯೆತ್ತರ ಬೆಳೆದ ಪಾರ್ವತಿ, ರಾಮಣ್ಣ ಇಬ್ಬರೂ ಹೋದರು, ಒಬ್ಬರ ಬೆನ್ನಿಗೆ ಒಬ್ಬರು.

ಭೈರಪ್ಪನವರು ಇಲ್ಲಿ ಗೋಳಾಡುವುದಿಲ್ಲ, ತತ್ತ್ವ ಹೇಳುವುದಿಲ್ಲ. ನಡೆದದ್ದನ್ನು ಹೇಳುತ್ತಾ ಹೋಗುತ್ತಾರೆ. ಓದುವವರಿಗೇ ಗಂಟಲು ಕಟ್ಟುತ್ತದೆ. ತಾಯಿಯನ್ನೂ ಒಡಹುಟ್ಟಿದವರನ್ನೂ ಎಳೆವಯಸ್ಸಿನಲ್ಲೇ ಪ್ಲೇಗಿಗೆ ಕಳೆದುಕೊಂಡವರು ಅವರು; ಆತ್ಮಕಥೆ ‘ಭಿತ್ತಿ’ ನೋಡಿ.

ಕೊನೆಗೆ ನಂಜಮ್ಮನನ್ನೂ ಅದೇ ಕಾಯಿಲೆ ಕೊಂಡೊಯ್ಯುತ್ತದೆ. ಕಥೆಯೆಲ್ಲ ಹೇಳಿಬಿಟ್ಟನಲ್ಲಾ ಅಂತ ಬೈಯಬೇಡಿ, ಗೊತ್ತಿದ್ದೂ ಓದಿಸಿಕೊಳ್ಳುವ ಪುಸ್ತಕವಿದು. ಉಳಿದ ವಿಶ್ವನಿಗೆ ಆಸರೆಯಾಗುವವರು ಅಪ್ಪನಲ್ಲ, ಅಜ್ಜಿಯೂ ಅಲ್ಲ. ಭಿಕ್ಷೆ ಬೇಡಿ ಬದುಕುತ್ತಿದ್ದ ಮಹಾದೇವಯ್ಯನವರು!