ತೊಡುವಾಗ ಮೊದಲು ಸೋತ ಕೈ

ಆಸ್ಪತ್ರೆಯಿಂದ ಮನೆಗೆ ಬಂದ ಮೂರನೇ ದಿನ ಅಪ್ಪನಿಗೆ ಅಂಗಿ ತೊಡಿಸಲು ನಾನೂ ಅಮ್ಮನೂ ಸೊಂಟ ಕಟ್ಟಿ ನಿಂತೆವು. ಬಲಗೈ, ಬಲಗಾಲು ಸ್ವಾಧೀನದಲ್ಲಿರಲಿಲ್ಲ. ಗಟ್ಟಿ ಇದ್ದ ಎಡಗೈಯನ್ನು ಮೊದಲು ತೂರಿಸಿದೆವು, ಸಲೀಸಾಗಿ ಹೋಯಿತು. ಆಮೇಲೆ ಶುರುವಾಯಿತು ಫಜೀತಿ. ಅಂಗಿಯ ಇನ್ನೊಂದು ತೋಳು ಬೆನ್ನ ಹಿಂದೆಲ್ಲೋ ಸಿಕ್ಕಿಕೊಂಡಿತ್ತು. ಜೋತುಬಿದ್ದ ಬಲಗೈಯನ್ನು ಹಿಂದಕ್ಕೆ ತಿರುಚಿ ಅದರೊಳಗೆ ತಳ್ಳುವಷ್ಟರಲ್ಲಿ ಅಪ್ಪ ನೋವಿಗೆ ಕೂಗಿಕೊಂಡರು. ಒಂದು ಗುಂಡಿ ಕಿತ್ತು ಮಂಚದಡಿಗೆ ಹೋಯಿತು. ಮಾರನೇ ದಿನ ಬಂದ ಫಿಸಿಯೋಥೆರಪಿಯ ಹುಡುಗಿ ನಮ್ಮ ಕಥೆ ಕೇಳಿ ನಕ್ಕು ಹೇಳಿದ್ದು ಇಷ್ಟೇ: "ತೊಡುವಾಗ ಮೊದಲು ಸೋತ ಕೈ, ಬಿಚ್ಚುವಾಗ ಕೊನೆಗೆ ಸೋತ ಕೈ."

ಲೆಕ್ಕ ಸರಳ. ಸೋತ ಕೈ ಬಾಗುವುದಿಲ್ಲ, ಹುಡುಕುವುದಿಲ್ಲ. ಅಂಗಿ ಪೂರ್ತಿ ಸಡಿಲವಾಗಿ ಕೈಯಲ್ಲಿರುವಾಗಲೇ ಅದರ ಪಾಲು ಅದಕ್ಕೆ ಕೊಟ್ಟುಬಿಡಬೇಕು. ಉಳಿದ ಇಕ್ಕಟ್ಟನ್ನು ನಿಭಾಯಿಸಲು ಗಟ್ಟಿ ಕೈಗೆ ಗೊತ್ತು. ಆಕೆ ತೋರಿಸಿದ ಕ್ರಮ ಹೀಗಿತ್ತು: ಕುರ್ಚಿಯಲ್ಲಿ ಕೂತು ಅಂಗಿಯನ್ನು ಒಳಮೈ ಮೇಲಾಗಿ ತೊಡೆಯ ಮೇಲೆ ಹರಡಬೇಕು, ಕಾಲರು ಮಂಡಿಯ ಕಡೆಗಿರಬೇಕು. ಸೋತ ಕೈಯ ತೋಳನ್ನು ಎರಡು ಮಂಡಿಗಳ ನಡುವೆ ಇಳಿಬಿಡಬೇಕು. ಆ ಕೈಯನ್ನು ಅದರೊಳಗೆ ಇಳಿಸಿದರೆ ತನ್ನ ಭಾರಕ್ಕೆ ತಾನೇ ಜಾರುತ್ತದೆ. ಗಟ್ಟಿ ಕೈಯಿಂದ ಬಟ್ಟೆಯನ್ನು ಭುಜದವರೆಗೆ ಎಳೆದು, ಬೆನ್ನ ಹಿಂದೆ ಬಳಸಿ ತಂದು, ಇನ್ನೊಂದು ತೋಳಿಗೆ ಕೈ ಹಾಕಬೇಕು. ಗುಂಡಿಯನ್ನು ಕೆಳಗಿನಿಂದ ಮೇಲಕ್ಕೆ ಹಾಕಬೇಕು, ಕೆಳಗಿನ ಗುಂಡಿ ಕಣ್ಣಿಗೆ ಕಾಣುತ್ತದೆ, ಕತ್ತಿನದು ಕಾಣುವುದಿಲ್ಲ.

ಲಕ್ವ, ಪಾರ್ಶ್ವವಾಯು, ಸ್ಟ್ರೋಕ್ ಎಲ್ಲವೂ ಒಂದೇ. ಮಿದುಳಿನ ಒಂದು ಭಾಗಕ್ಕೆ ಹೋಗುವ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಆ ಭಾಗ ಕೆಡುತ್ತದೆ. ಎಡಮಿದುಳು ಕೆಟ್ಟರೆ ಬಲಮೈ ಬೀಳುತ್ತದೆ, ಬಲಮಿದುಳು ಕೆಟ್ಟರೆ ಎಡಮೈ. ಕೈಕಾಲಿನಲ್ಲಿ ಕೆಟ್ಟಿರುವುದು ಏನೂ ಇಲ್ಲ, ಅಪ್ಪಣೆ ಬರುವ ದಾರಿ ತುಂಡಾಗಿದೆ. ಪಕ್ಕದ ದಾರಿಗಳನ್ನು ಮಿದುಳು ಬಳಸಿ ಬಳಸಿಯೇ ರೂಢಿಸಿಕೊಳ್ಳಬೇಕು. ಮೊದಲ ಕೆಲವು ತಿಂಗಳು ಚೇತರಿಕೆ ಬಿರುಸಾಗಿರುತ್ತದೆ, ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಆದ್ದರಿಂದ ದಿನಕ್ಕೊಂದು ಗಂಟೆ ಬಂದು ಹೋಗುವ ಫಿಸಿಯೋಥೆರಪಿಗಿಂತ ಉಳಿದ 23 ಗಂಟೆ ಮನೆಯಲ್ಲಿ ಏನಾಗುತ್ತದೆ ಎನ್ನುವುದೇ ಹೆಚ್ಚು ಎಂದು ನನಗನ್ನಿಸಿದೆ. ನೋಡಲು ಬಂದವರು ಪಾರಿವಾಳದ ರಕ್ತ ಸವರಿ ಎಂದರು, ಯಾವುದೋ ಊರಿನ ನಾಟಿ ಎಣ್ಣೆಯ ವಿಳಾಸ ಕೊಟ್ಟರು. ಸ್ನಾನದ ಮಣೆ ಎಷ್ಟು ಎತ್ತರ ಇರಬೇಕು ಎಂದು ಒಬ್ಬರೂ ಹೇಳಲಿಲ್ಲ.

ಎಣ್ಣೆಗಿಂತ ಮೊದಲು ಭುಜದ ಮಾತು. ಭುಜದ ಕೀಲಿನ ಬಟ್ಟಲು ಆಳವಿಲ್ಲ, ಚೆಂಡನ್ನು ಅದರಲ್ಲಿ ಹಿಡಿದಿಡಲು ಸುತ್ತಲಿನ ಸ್ನಾಯುಗಳು ಬೇಕು. ಆ ಸ್ನಾಯುಗಳು ಸಡಿಲವಾದಾಗ ಕೈಯ ಭಾರವೇ ಕೀಲನ್ನು ಕೆಳಗೆಳೆಯುತ್ತದೆ. ಅಂಥ ಕೈ ಹಿಡಿದು ಎಬ್ಬಿಸುವುದು, ಕಂಕುಳಿಗೆ ಕೈ ಹಾಕಿ ಎತ್ತುವುದು ಎರಡೂ ಕೂಡದು. ಒಮ್ಮೆ ಭುಜನೋವು ಹಿಡಿಯಿತೆಂದರೆ ವ್ಯಾಯಾಮ ಅಲ್ಲಿಗೇ ನಿಲ್ಲುತ್ತದೆ. ಕೂತಾಗ ಸೋತ ಕೈಯ ಕೆಳಗೆ ದಿಂಬಿರಲಿ, ಮಲಗಿದಾಗಲೂ ಇರಲಿ. ಎಬ್ಬಿಸುವಾಗ ಸೊಂಟದ ಹತ್ತಿರ ಹಿಡಿಯಿರಿ. ಏಳುವುದಕ್ಕೂ ಒಂದು ಹದವಿದೆ: ಕುರ್ಚಿಯ ಅಂಚಿಗೆ ಸರಿದು, ಪಾದಗಳನ್ನು ಹಿಂದಕ್ಕೆಳೆದುಕೊಂಡು, ಮೂಗು ಕಾಲ್ಬೆರಳ ನೇರಕ್ಕೆ ಬರುವಷ್ಟು ಮುಂದೆ ಬಾಗಿದರೆ ಕುಂಡಿ ತಾನಾಗಿ ಮೇಲೇಳುತ್ತದೆ. ಹಿಂದಕ್ಕೆ ವಾಲಿ ಕೂತವರನ್ನು ಇಬ್ಬರು ಸೇರಿ ಎಳೆದರೂ ಕಷ್ಟ. ಇನ್ನು ಸ್ಪಂಜಿನ ಚೆಂಡು ಕೊಟ್ಟು "ಅಮುಕು, ಅಮುಕು" ಎನ್ನುವುದು ಎಲ್ಲ ಮನೆಯಲ್ಲೂ ನಡೆಯುತ್ತದೆ. ಬಿಗಿದು ಮುಷ್ಟಿ ಕಟ್ಟುತ್ತಿರುವ ಕೈಗೆ ಕಲಿಸಬೇಕಾದದ್ದು ತೆರೆಯುವುದನ್ನು. ಕೊಡುವ ಮುಂಚೆ ಥೆರಪಿಸ್ಟನ್ನು ಕೇಳಿ.

ಊರುಗೋಲು ಗಟ್ಟಿ ಕೈಯಲ್ಲಿರಬೇಕು. ಮೆಟ್ಟಿಲು ಹತ್ತುವಾಗ ಮೊದಲು ಗಟ್ಟಿ ಕಾಲು, ಇಳಿಯುವಾಗ ಮೊದಲು ಸೋತ ಕಾಲು. ಎರಡರಲ್ಲೂ ಮೈಭಾರ ಹೊತ್ತು ಎತ್ತುವ, ತಡೆದು ಇಳಿಸುವ ಕೆಲಸ ಗಟ್ಟಿ ಕಾಲಿನದೇ. ಜೊತೆಗಿರುವವರು ಸೋತ ಮಗ್ಗುಲಲ್ಲಿ, ಹತ್ತುವಾಗ ಒಂದು ಮೆಟ್ಟಿಲು ಹಿಂದೆ, ಇಳಿಯುವಾಗ ಒಂದು ಮೆಟ್ಟಿಲು ಮುಂದೆ ಇರಬೇಕು.

ನಮ್ಮ ಮನೆಗಳಲ್ಲಿ ಅಪಾಯದ ಜಾಗ ಬಚ್ಚಲು. ಹೊಸಿಲು, ಒದ್ದೆ ನೆಲ, ಕೂತು ಏಳಬೇಕಾದ ಕಕ್ಕಸು ಮೂರೂ ಒಂದೇ ಕಡೆ. ಕುಕ್ಕರುಗಾಲಿನ ಕಕ್ಕಸಿನ ಮೇಲೆ ಇಡುವ ಕಮೋಡ್ ಕುರ್ಚಿ ಸಿಗುತ್ತದೆ. ಹಿಡಿಕೆಗಳನ್ನು ಗಟ್ಟಿ ಕೈಯ ಕಡೆಯ ಗೋಡೆಗೆ ಗಾರೆಯಲ್ಲಿ ಕೂರಿಸಬೇಕು. ನಲ್ಲಿಯನ್ನೂ ಟವೆಲ್ ಸರಳನ್ನೂ ಹಿಡಿದು ಏಳುವವರು ಅದರ ಸಮೇತ ಬೀಳುತ್ತಾರೆ. ಬಾಗಿಲು ಹೊರಕ್ಕೆ ತೆರೆಯುವಂತಿದ್ದರೆ ಒಳ್ಳೆಯದು, ಒಳಗೆ ಬಿದ್ದವರು ಬಾಗಿಲಿಗೇ ಅಡ್ಡವಾದರೆ ಹೋಗುವುದು ಹೇಗೆ? ಸ್ನಾನಕ್ಕೆ ಕಾಲು ಅಲುಗದ ಪ್ಲಾಸ್ಟಿಕ್ ಕುರ್ಚಿ. ಬಿಸಿನೀರನ್ನು ಗಟ್ಟಿ ಕೈಯಿಂದಲೇ ಮುಟ್ಟಿ ನೋಡಬೇಕು, ಸೋತ ಕೈಗೆ ಸುಟ್ಟದ್ದೂ ತಿಳಿಯದಿರಬಹುದು. ಪಂಚೆಯನ್ನು ಒಂದೇ ಕೈಯಲ್ಲಿ ಕಟ್ಟಲಾಗುವುದಿಲ್ಲ ಎಂದು ಅಪ್ಪನಿಗೆ ಒಪ್ಪಿಸಲು ಹದಿನೈದು ದಿನ ಹಿಡಿಯಿತು. ಎಲಾಸ್ಟಿಕ್ ಪೈಜಾಮ ತೊಟ್ಟ ದಿನ ಅವರು ಜಗಲಿಗೆ ಬರಲೇ ಇಲ್ಲ.

ಊಟದ ವಿಷಯಕ್ಕೆ ನಿಧಾನವಾಗಿ ಬರುತ್ತೇನೆ, ಇಲ್ಲಿ ಜೀವದ ಪ್ರಶ್ನೆಯಿದೆ. ನುಂಗುವುದು ಹತ್ತಾರು ಸ್ನಾಯುಗಳು ಲಯ ತಪ್ಪದೆ ಮಾಡುವ ಕೆಲಸ. ಲಯ ತಪ್ಪಿದರೆ ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಎಲ್ಲರೂ ಸುಲಭ ಎಂದುಕೊಳ್ಳುವ ನೀರೇ ಹೆಚ್ಚು ಕಷ್ಟ. ಅದು ತೆಳು, ವೇಗವಾಗಿ ಓಡುತ್ತದೆ, ಸೋತ ಗಂಟಲು ಬಾಗಿಲು ಮುಚ್ಚುವಷ್ಟರಲ್ಲಿ ಒಳಗಿರುತ್ತದೆ. ಅಂಥವರಿಗೆ ದಪ್ಪನೆಯ ಗಂಜಿ ವಾಸಿ. ಸಾರನ್ನ ಇನ್ನೊಂದು ತೊಡಕು: ತಿಳಿ ಒಂದು ವೇಗ, ಅಗುಳು ಇನ್ನೊಂದು ವೇಗ. ನುಣ್ಣಗೆ ಕಿವುಚಿದ ಮೊಸರನ್ನ ಒಂದೇ ಹದದಲ್ಲಿ ಹೋಗುತ್ತದೆ. ಮುದ್ದೆಯನ್ನಂತೂ ನಾವು ಅಗಿಯದೆ ನುಂಗುವವರು. ಆ ಅಭ್ಯಾಸದ ನಾಲಿಗೆಗೆ ಅಂಟಾದ ತುತ್ತು ಗಂಟಲಲ್ಲಿ ನಿಂತರೆ ಕಷ್ಟ. ಆಸ್ಪತ್ರೆ ಬಿಡುವ ಮುಂಚೆ ನುಂಗುವ ಪರೀಕ್ಷೆ ಆಗಿದೆಯೇ, ಯಾವ ಹದದ ಆಹಾರ ಎಂದು ಕೇಳಿ ಬರೆಸಿಕೊಳ್ಳಿ. ನೆಟ್ಟಗೆ ಕೂರಿಸಿ ಉಣಿಸಿ, ಉಂಡ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಕುಡಿದ ಮೇಲೆ ದನಿ ಒದ್ದೆಯಾಗಿ ಗೊರಗೊರ ಎಂದರೆ, ಪ್ರತಿ ಊಟದಲ್ಲೂ ಕೆಮ್ಮು ಬಂದರೆ ವೈದ್ಯರಿಗೆ ಹೇಳಿ. ಸೋತ ಕಡೆಯ ಕೆನ್ನೆಯೊಳಗೆ ತುತ್ತು ಉಳಿದಿರುವುದು ಅವರಿಗೇ ಗೊತ್ತಾಗುವುದಿಲ್ಲ. ಬೆರಳಿಗೆ ಬಟ್ಟೆ ಸುತ್ತಿ ತೆಗೆಯಿರಿ.

ಬಲಗೈ ಸೋತವರಿಗೆ ಎಡಗೈಯಲ್ಲಿ ಉಣ್ಣುವ ನಾಚಿಕೆಯೂ ಇದೆ. ಮದುವೆಮನೆಯ ಪಂಕ್ತಿಯಲ್ಲಿ ಎಡಗೈ ಎತ್ತುವ ಬದಲು ಹಸಿದೇ ಬಂದವರನ್ನು ಬಲ್ಲೆ. ಚಮಚ ಆ ನಾಚಿಕೆಯನ್ನು ಅರ್ಧ ಇಳಿಸುತ್ತದೆ. ತಟ್ಟೆ ಜಾರದಂತೆ ಕೆಳಗೊಂದು ಒದ್ದೆ ಬಟ್ಟೆ ಹಾಸಿ, ಅಂಚು ಎತ್ತರದ ತಟ್ಟೆ ಕೊಡಿ.

ಎಡಮೈ ಬಿದ್ದವರಲ್ಲಿ ಕೆಲವರದು ಬೇರೆಯೇ ವಿಚಿತ್ರ. ಕಣ್ಣು ಸರಿಯಿದ್ದರೂ ಮಿದುಳು ಎಡಗಡೆಯ ಲೋಕವನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನಮ್ಮ ಬೀದಿಯ ಹಿರಿಯರೊಬ್ಬರು ದಿನವೂ ಊಟಕ್ಕೆ ಕೂತು ಉಪ್ಪು ಬಡಿಸಿಲ್ಲ, ಉಪ್ಪಿನಕಾಯಿ ಬಡಿಸಿಲ್ಲ ಎಂದು ಸೊಸೆಯ ಮೇಲೆ ರೇಗುತ್ತಿದ್ದರು. ಎರಡೂ ಎಲೆಯ ಎಡತುದಿಯಲ್ಲೇ ಇರುತ್ತಿದ್ದವು. ಎಲೆ ತಿರುಗಿಸಿಟ್ಟರೆ ಅನ್ನ ಖಾಲಿಯಾಗುತ್ತದೆ. ಆದರೆ ಅಷ್ಟಕ್ಕೇ ಬಿಡದೆ, ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ "ಕೆಂಪು ಕಾಣುವವರೆಗೆ ಕತ್ತು ತಿರುಗಿಸಿ" ಎಂದು ಅಭ್ಯಾಸ ಮಾಡಿಸಬೇಕು. ಇಂಥವರು ಬಾಗಿಲ ಚೌಕಟ್ಟಿಗೆ ಎಡಭುಜ ಬಡಿದುಕೊಳ್ಳುತ್ತಾರೆ. ಗಾಡಿ ಓಡಿಸಲು ಬಿಡಲೇಬಾರದು.

ಬಲಮೈ ಬಿದ್ದವರಲ್ಲಿ ಅನೇಕರ ಮಾತು ಹೋಗುತ್ತದೆ, ಯಾಕೆಂದರೆ ಹೆಚ್ಚಿನವರಲ್ಲಿ ಮಾತಿನ ಮನೆ ಎಡಮಿದುಳಿನಲ್ಲಿದೆ. ಅಪ್ಪನಿಗೆ "ನೀರು" ಎನ್ನಲು ಬರುತ್ತಿರಲಿಲ್ಲ. ಚೊಂಬು ನೋಡಿ "ಅದೇ... ಅದು... ಅಯ್ಯೋ" ಎಂದು ಹಣೆ ಬಡಿದುಕೊಳ್ಳುತ್ತಿದ್ದರು. ತಿಪಟೂರಿನಲ್ಲಿ ನಲವತ್ತು ವರ್ಷ ಕೊಬ್ಬರಿ ವ್ಯಾಪಾರ ಮಾಡಿದವರು. ಎರಡನೇ ತಿಂಗಳು ಒಂದು ಬೆಳಗ್ಗೆ ಅಂಗಳದಲ್ಲಿ ಆಳು ತೆಂಗಿನಕಾಯಿ ಎಣಿಸಿ ರಾಶಿ ಹಾಕುತ್ತಿದ್ದ. ವ್ಯಾಪಾರದ ಎಣಿಕೆಯಲ್ಲಿ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. "ಲಾಭ" ಎಂದು ಆಳಿನ ಜೊತೆಗೆ ಜಗಲಿಯಿಂದಲೂ ದನಿ ಬಂತು. "ಎರಡು, ಮೂರು, ನಾಕು..." ಅಪ್ಪ ಇಪ್ಪತ್ತಮೂರರವರೆಗೆ ತಡವರಿಸದೆ ಎಣಿಸಿದರು. ಅಮ್ಮ ಒಲೆಯ ಮೇಲೆ ಹಾಲು ಬಿಟ್ಟು ಓಡಿಬಂದರು, ಹಾಲು ಉಕ್ಕಿಹೋಯಿತು.

ಪವಾಡವೇನಲ್ಲ. ಎಣಿಕೆ, ವಾರಗಳು, ಮಗ್ಗಿ, ದೇವರನಾಮ, ಬೈಗುಳ ಇವು ಬಾಯಿಪಾಠದ ಸರಪಳಿಗಳು, ಆಗಲೇ ಹುಟ್ಟಿಸಿ ಆಡುವ ಮಾತಿನ ದಾರಿಯಲ್ಲಿ ಬರುವಂಥವಲ್ಲ. ಒಂದು ಕೊಂಡಿ ಹಿಡಿದರೆ ಉಳಿದದ್ದು ಬರುತ್ತದೆ. ಇದನ್ನೇ ಹಿಡಿದು ದುಡಿಸಿಕೊಳ್ಳಬಹುದು. ಎಷ್ಟು ಇಡ್ಲಿ ಎಂದರೆ ಅಪ್ಪ "ಲಾಭ, ಎರಡು" ಎಂದು ನಿಲ್ಲಿಸುವುದನ್ನು ಕಲಿತರು. ಮನೆಯವರು ಕಲಿಯಬೇಕಾದದ್ದೂ ಇದೆ. ಜೋರಾಗಿ ಕೂಗಬೇಡಿ, ಹೋಗಿರುವುದು ಕಿವಿಯಲ್ಲ. ಟಿವಿ ಆರಿಸಿ. ಹೌದು, ಇಲ್ಲ ಎಂದು ಉತ್ತರಿಸಬಲ್ಲ ಪ್ರಶ್ನೆ ಕೇಳಿ, ಒಂದು ಸಲಕ್ಕೆ ಒಂದೇ. ಮನಸ್ಸಿನಲ್ಲಿ ಹತ್ತು ಎಣಿಸುವವರೆಗೆ ಕಾಯಿರಿ. ನೋಡಲು ಬಂದವರು "ನಾನ್ಯಾರು ಹೇಳಿ ನೋಡೋಣ" ಎಂದು ಪರೀಕ್ಷೆ ನಡೆಸುತ್ತಾರೆ, ಅವರನ್ನು ಕಾಫಿಗೆ ಒಳಗೆ ಕರೆದುಬಿಡಿ. ಮಾತಿನ ಥೆರಪಿಗೆ ಮೈಸೂರಿನ ಮಾನಸಗಂಗೋತ್ರಿಯಲ್ಲಿ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಿದೆ. ನಮ್ಮ ಕಡೆಯವರಿಗೆ ಬೇರೆ ರಾಜ್ಯ ಹುಡುಕುವ ಅಗತ್ಯವಿಲ್ಲ.

ಕಾರಣವಿಲ್ಲದೆ ಅಳುವುದು, ಸಾವಿನ ಮನೆಯಲ್ಲಿ ನಗು ಉಕ್ಕುವುದು ಮಿದುಳಿನ ಗಾಯದ ಫಲವೇ ಆಗಿರಬಹುದು, ಮಾತು ತಿರುಗಿಸಿದರೆ ನಿಲ್ಲುತ್ತದೆ. ಅದಲ್ಲದೆ ಲಕ್ವವಾದವರಲ್ಲಿ ಸುಮಾರು ಮೂವರಲ್ಲಿ ಒಬ್ಬರಿಗೆ ಖಿನ್ನತೆ ಬರುತ್ತದೆ, ಅದಕ್ಕೆ ಔಷಧಿಯಿದೆ. ಹಲ್ಲುಜ್ಜಿ ಅಂಗಿ ತೊಡುವಷ್ಟರಲ್ಲಿ ಬಳಲಿ ಮಲಗಿದರೆ ಸೋಮಾರಿತನವೆನ್ನಬೇಡಿ. ಹಾನಿಯಾದ ಮಿದುಳಿಗೆ ಅಷ್ಟೇ ದೊಡ್ಡ ಕೆಲಸ.

ಮಾತ್ರೆ ಬಿಡುವ ತಪ್ಪು ಬಹಳ ಮಂದಿ ಮಾಡುತ್ತಾರೆ. ಬಿಪಿ 130ಕ್ಕೆ ಇಳಿದಿದೆ, ಇನ್ಯಾಕೆ ಮಾತ್ರೆ ಎನ್ನುತ್ತಾರೆ. ಇಳಿದಿರುವುದೇ ಮಾತ್ರೆಯಿಂದ. ರಕ್ತ ತೆಳುವಾಗಿಸುವ ಮಾತ್ರೆ ಹೆಪ್ಪುಗಟ್ಟಿ ಆದ ಲಕ್ವಕ್ಕೆ, ನಾಳ ಒಡೆದು ಆದದ್ದಕ್ಕೆ ಅದೇ ಮುಳುವಾಗಬಹುದು. ಪಕ್ಕದ ಮನೆಯವರ ಚೀಟಿ ನೋಡಿ ನುಂಗುವಂತಿಲ್ಲ. ಉಪ್ಪು ದಿನಕ್ಕೆ 5 ಗ್ರಾಂ ಒಳಗೆ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ, ಎಂದರೆ ಟೀ ಚಮಚದಷ್ಟು, ಉಪ್ಪಿನಕಾಯಿ ಹಪ್ಪಳ ಎಲ್ಲ ಸೇರಿ. ಮತ್ತೊಮ್ಮೆ ಬಾಯಿ ಸೊಟ್ಟಗಾದರೆ, ಕೈ ಜೋತುಬಿದ್ದರೆ, ಮಾತು ತೊದಲಿದರೆ ಗಡಿಯಾರ ನೋಡಿ 108ಕ್ಕೆ ಫೋನ್ ಮಾಡಿ. ಹೆಪ್ಪು ಕರಗಿಸುವ ಚುಚ್ಚುಮದ್ದಿಗೆ ಸಾಮಾನ್ಯವಾಗಿ 4.5 ಗಂಟೆಯೊಳಗಿನ ಗಡುವು. ಕೊನೆಯ ಸಲ ಅವರು ಸರಿಯಾಗಿದ್ದದ್ದು ಎಷ್ಟು ಹೊತ್ತಿಗೆ ಎಂಬುದು ವೈದ್ಯರ ಮೊದಲ ಪ್ರಶ್ನೆ. ಬಾಯಿಗೆ ನೀರು ಬಿಡಬೇಡಿ.

ಕಾಗದಪತ್ರದ ಕೆಲಸ ಯಾರೂ ನೆನೆಸಿಕೊಳ್ಳದ್ದು. ಬಲಗೈ ಸಹಿ ಹೋದ ಮೇಲೆ ಬ್ಯಾಂಕಿನಲ್ಲಿ ಅಪ್ಪನ ದುಡ್ಡು ಅಪ್ಪನಿಗೇ ಸಿಗಲಿಲ್ಲ. ಕೌಂಟರಿನವರು "ಸಹಿ ಹೊಂದುತ್ತಿಲ್ಲ" ಎಂದು ಎರಡು ಸಲ ವಾಪಸು ಕಳಿಸಿದರು. ರಿಸರ್ವ್ ಬ್ಯಾಂಕಿನ ನಿಯಮ ಬೇರೆಯೇ ಇದೆ: ಸಹಿ ಮಾಡಲಾಗದ ಕಾಯಿಲೆಯವರ ಹೆಬ್ಬೆರಳ ಗುರುತನ್ನು, ಕೈಯದು ಆಗದಿದ್ದರೆ ಕಾಲಿನದನ್ನು, ಇಬ್ಬರು ಸಾಕ್ಷಿಗಳು ಗುರುತಿಸಿದರೆ ಸಾಕು, ಅವರಲ್ಲೊಬ್ಬರು ಬ್ಯಾಂಕಿನ ಜವಾಬ್ದಾರಿಯ ಅಧಿಕಾರಿಯಾಗಿರಬೇಕು. ಮ್ಯಾನೇಜರ ಹತ್ತಿರ ನೇರವಾಗಿ ಹೋಗಿ ಇದನ್ನು ಹೇಳಿ. ಸರ್ಕಾರಿ ನೌಕರಿಯಲ್ಲಿರುವವರು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 20ನೇ ಸೆಕ್ಷನ್ ನೋಡಬೇಕು. ಸೇವೆಯಲ್ಲಿರುವಾಗ ವೈಕಲ್ಯ ಬಂತೆಂದು ಕೆಲಸದಿಂದ ತೆಗೆಯುವಂತಿಲ್ಲ, ದರ್ಜೆ ಇಳಿಸುವಂತಿಲ್ಲ. ಅದೇ ಸಂಬಳದ ಬೇರೆ ಹುದ್ದೆ ಕೊಡಬೇಕು. ಶೇ 40 ಅಥವಾ ಅದಕ್ಕಿಂತ ಹೆಚ್ಚು ವೈಕಲ್ಯವೆಂದು ಪ್ರಮಾಣಪತ್ರ, ಯುಡಿಐಡಿ ಎಂಬ ಅಂಗವಿಕಲರ ಗುರುತಿನ ಕಾರ್ಡ್ ಆದರೆ ಹಲವು ಸವಲತ್ತುಗಳ ಬಾಗಿಲು ತೆರೆಯುತ್ತದೆ. ಚೇತರಿಕೆ ಒಂದು ಹಂತಕ್ಕೆ ಬಂದ ಮೇಲೆ ಅರ್ಜಿ ಹಾಕುವುದು ರೂಢಿ.

ಇವೆಲ್ಲಕ್ಕಿಂತ ಅಮ್ಮನಿಗೆ ಕಷ್ಟವಾದದ್ದು ಸುಮ್ಮನಿರುವುದು. ಮೂರು ನಿಮಿಷದಲ್ಲಿ ತಾನೇ ತೊಡಿಸಿಬಿಡಬಹುದಾದ ಅಂಗಿಗೆ ಅಪ್ಪ ಇಪ್ಪತ್ತು ನಿಮಿಷ ಒದ್ದಾಡುವುದನ್ನು ನೋಡುತ್ತಾ, ಸೆರಗಿನೊಳಗೆ ಕೈ ಬಿಗಿದುಕೊಂಡು ಬಾಗಿಲಲ್ಲಿ ನಿಲ್ಲುತ್ತಿದ್ದರು. ಈಗ ಎಂಟು ನಿಮಿಷಕ್ಕೆ ಇಳಿದಿದೆ. ಮೊನ್ನೆ ಮೂರನೇ ಗುಂಡಿ ನಾಲ್ಕನೇ ಕಾಜಕ್ಕೆ ಹೋಗಿ ಎದೆಯ ಮೇಲೆ ಬಟ್ಟೆ ಉಬ್ಬಿಕೊಂಡಿತ್ತು. ಅಮ್ಮ ನೋಡಿದರು, ಕೈ ಮುಂದೆ ಬಂತು, ಹಿಂದಕ್ಕೆ ಹೋಯಿತು. ಅಪ್ಪ ಹಾಗೇ ಕೋಲು ಹಿಡಿದು, ಸೋತ ಕಾಲು ಮೊದಲಿಟ್ಟು, ಜಗಲಿಯ ಮೆಟ್ಟಿಲಿಳಿದು ಕೊಬ್ಬರಿ ಮಂಡಿಯ ಕಡೆ ಹೊರಟರು.