ಮನೆಯ ಗಣಕಯಂತ್ರದಲ್ಲಿ ಸಿ.ಡಿ., ಡಿ.ವಿ.ಡಿ. ಬರೆಯಲು ಯಾವ ತಂತ್ರಾಂಶ?

ಪರಸ್ಥಳಗಳಲ್ಲಿ ನೆಲಸಿದ ಕನ್ನಡಿಗರ ಮನೆಗಳಲ್ಲಿ ಬೆಲೆ ಕಟ್ಟಲಾಗದ ಕೆಲವು ವಸ್ತುಗಳು ಕಪಾಟಿನ ಹಿಂಬದಿಯಲ್ಲಿ ಸದ್ದಿಲ್ಲದೆ ಹಾಳಾಗುತ್ತಿರುತ್ತವೆ. ಅಜ್ಜಿ ಹಾಡಿದ ಹಸೆಯ ಹಾಡುಗಳ ಕ್ಯಾಸೆಟ್ಟು, ಊರಿನ ಬಯಲಾಟವನ್ನು ಬಂಧುಗಳಾರೋ ರಾತ್ರಿಯಿಡೀ ಕುಳಿತು ಧ್ವನಿಮುದ್ರಿಸಿಕೊಂಡದ್ದು, ತಂಗಿಯ ಮದುವೆಯ ವೀಡಿಯೋ, ಎಂ.ಆರ್.ಐ. ತೆಗೆದ ದಿನ ಆಸ್ಪತ್ರೆಯವರು ಲಕೋಟೆಯಲ್ಲಿಟ್ಟು ಕೊಟ್ಟ ಸಿ.ಡಿ., ಇವೆಲ್ಲ ಅಂಥವೇ. ಇವನ್ನು ಗಣಕಯಂತ್ರಕ್ಕೆ ಇಳಿಸಿಕೊಂಡ ಮೇಲೆ ಪ್ರತಿಮಾಡಿ ಊರಿಗೆ ಕಳುಹಿಸಬೇಕು, ಇಲ್ಲವೇ ಇನ್ನೊಬ್ಬ ವೈದ್ಯರಿಗೆ ತೋರಿಸಬೇಕು ಎಂದಾಗ ಡಿಸ್ಕಿನ ಅವಶ್ಯಕತೆ ಇಂದಿಗೂ ಬೀಳುತ್ತದೆ. ಪೆನ್ ಡ್ರೈವ್ ಮತ್ತು ಮೊಬೈಲುಗಳ ಈ ಕಾಲದಲ್ಲಿ ಇದೇಕೆ ಎನ್ನುವವರುಂಟು. ಒಮ್ಮೆ ಬರೆದು ಮುಚ್ಚಿದ ಡಿಸ್ಕಿನಿಂದ ಕೈತಪ್ಪಿ ಏನನ್ನೂ ಅಳಿಸಲಾಗದು. ವೈರಸ್ಸು ಅದರೊಳಕ್ಕೆ ಆಮೇಲೆ ಸೇರಿಕೊಳ್ಳಲಾರದು. ಹಿರಿಯರ ಮನೆಯ ಹಳೆಯ ಡಿ.ವಿ.ಡಿ. ಪ್ಲೇಯರಿಗೂ ಅದು ಹೊಂದುತ್ತದೆ.

ಫಿಲಿಪ್ಸ್ ಮತ್ತು ಸೋನಿ ಸಂಸ್ಥೆಗಳು ಕೂಡಿ ರೂಪಿಸಿದ ಕಾಂಪ್ಯಾಕ್ಟ್ ಡಿಸ್ಕ್ ೧೯೮೨ರಲ್ಲಿ ಮಾರುಕಟ್ಟೆಗೆ ಬಂದಿತು. ಅಂಗಡಿಯಲ್ಲಿ ಕೊಳ್ಳುವ ಸಂಗೀತದ ಸಿ.ಡಿ.ಯಲ್ಲಿ ಸೂಕ್ಷ್ಮವಾದ ಕುಳಿಗಳನ್ನು ಅಚ್ಚೊತ್ತಿರುತ್ತಾರೆ. ನಾವು ಮನೆಯಲ್ಲಿ ಬರೆಯುವ ಸಿ.ಡಿ.-ಆರ್. ಎಂಬುದರಲ್ಲಾದರೋ ಪ್ಲಾಸ್ಟಿಕ್ಕಿನ ಮೇಲೆ ಒಂದು ಬಗೆಯ ಬಣ್ಣದ ತೆಳುಲೇಪವೂ ಅದರ ಮೇಲೆ ಲೋಹದ ಹೊದಿಕೆಯೂ ಇರುತ್ತವೆ. ಲೇಸರ್ ಕಿರಣವು ಆ ಬಣ್ಣವನ್ನು ಅಲ್ಲಲ್ಲಿ ಕಾಯಿಸಿ ಮಾರ್ಪಡಿಸುತ್ತದೆ. ಆಡುಮಾತಿನಲ್ಲಿ ‘ಬರ್ನ್ ಮಾಡುವುದು’ ಎನ್ನುವುದು ಇದನ್ನೇ. ಒಮ್ಮೆ ಕಾದ ಬಣ್ಣ ಮರಳಿ ಮೊದಲಿನಂತಾಗದು. ಕೆಟ್ಟರೆ ಡಿಸ್ಕನ್ನು ಎಸೆಯಬೇಕು. ಬರೆದದ್ದು ಕೆಟ್ಟಿದೆಯೆಂದು ಆಗಲೇ ತಿಳಿದರೆ ನಷ್ಟ ಹತ್ತಿಪ್ಪತ್ತು ರೂಪಾಯಿ ಮಾತ್ರ. ಮೂಲ ಕ್ಯಾಸೆಟ್ಟನ್ನು ಎಸೆದ ಮೇಲೆ ತಿಳಿದರೆ ನಷ್ಟವನ್ನು ತುಂಬಿಕೊಡುವವರಾರು?

ಆದುದರಿಂದ ತಂತ್ರಾಂಶವನ್ನು ಆರಿಸುವಾಗ ಅದರ ಅಂದಚೆಂದವನ್ನು ನೋಡದೆ ಒಂದೇ ಪ್ರಶ್ನೆಯನ್ನು ಕೇಳಬೇಕು. ಇದು ಬರೆದುಕೊಟ್ಟ ಡಿಸ್ಕು, ಇದೇ ತಂತ್ರಾಂಶವಿಲ್ಲದ ಬೇರೊಬ್ಬರ ಯಂತ್ರದಲ್ಲಿ ತೆರೆದುಕೊಳ್ಳುತ್ತದೆಯೆ? ಮಿಕ್ಕ ಗುಣಗಳೆಲ್ಲ ಆಮೇಲಿನವು.

ಮೊದಲ ತೊಡಕು ವಿಂಡೋಸ್ ಬಳಸುವವರಿಗೇ ಎದುರಾಗುತ್ತದೆ. ೨೦೦೭ರಲ್ಲಿ ಬಂದ ವಿಸ್ಟಾದಿಂದೀಚೆಗೆ, ಖಾಲಿ ಡಿಸ್ಕನ್ನು ಹಾಕಿ ಕಡತಗಳನ್ನು ಬರೆಯಹೊರಟರೆ ಯಂತ್ರವು ಒಂದು ಪ್ರಶ್ನೆ ಕೇಳುತ್ತದೆ: ಈ ಡಿಸ್ಕನ್ನು ಯು.ಎಸ್.ಬಿ. ಫ್ಲಾಷ್ ಡ್ರೈವಿನಂತೆ ಬಳಸುವಿರೋ, ಅಥವಾ ಸಿ.ಡಿ./ಡಿ.ವಿ.ಡಿ. ಪ್ಲೇಯರಿನಲ್ಲಿ ಬಳಸುವಿರೋ? ಮೊದಲನೆಯದು ಸುಲಭವೆಂದು ತೋರುವುದು ಸಹಜ. ಬೇಕಾದಾಗ ಕಡತಗಳನ್ನು ಸೇರಿಸುತ್ತ ಹೋಗಬಹುದು, ತೆಗೆಯಲೂಬಹುದು. ಆದರೆ ಹೀಗೆ ಬರೆದ ಡಿಸ್ಕನ್ನು ಹಳೆಯ ಗಣಕಯಂತ್ರಗಳೂ ಟಿ.ವಿ.ಗೆ ಜೋಡಿಸಿದ ಪ್ಲೇಯರುಗಳೂ ಅನೇಕ ಸಲ ಗುರುತಿಸುವುದೇ ಇಲ್ಲ. ಎರಡನೆಯದರಲ್ಲಿ ಕಡತಗಳೆಲ್ಲ ಒಟ್ಟುಗೂಡಿ, ನೀವು ಹೇಳಿದಾಗ ಒಂದೇ ಓಟದಲ್ಲಿ ಬರೆಯಲ್ಪಡುತ್ತವೆ. ಬೇರೆಯವರಿಗೆ ಕೊಡುವ ಡಿಸ್ಕಿಗೆ ಸದಾ ಇದನ್ನೇ ಆರಿಸತಕ್ಕದ್ದು. ಹೊರಗಿನ ತಂತ್ರಾಂಶಗಳಲ್ಲಿ ಇದರ ಜೊತೆಗೆ ‘ಫೈನಲೈಜ್’ ಎಂಬ ಆಯ್ಕೆಯೂ ಇರುತ್ತದೆ. ಡಿಸ್ಕಿಗೆ ಬೀಗ ಹಾಕಿದಂತೆ ಅದು. ಅದನ್ನು ಗುರುತು ಮಾಡದೆ ಬಿಟ್ಟ ಡಿಸ್ಕು ನಿಮ್ಮ ಮನೆಯಲ್ಲಿ ಚೆನ್ನಾಗಿ ಓಡಿ, ಅಂಚೆಯಲ್ಲಿ ಊರು ಸೇರಿದ ಮೇಲೆ ಮೌನ ತಾಳಬಹುದು.

ಎರಡನೆಯ ತೊಡಕು ಡಿಸ್ಕಿನ ಬಗೆ. ಹಾಡುಗಳನ್ನು ಕಡತಗಳಾಗಿ ತುಂಬಿದರೆ ಅದು ಡೇಟಾ ಡಿಸ್ಕು, ೭೦೦ ಎಂ.ಬಿ.ಯ ಒಂದು ಸಿ.ಡಿ.ಯಲ್ಲಿ ಸಾಧಾರಣ ಗುಣದ (೧೨೮ ಕಿಲೋಬಿಟ್) ಎಂ.ಪಿ.೩ ಹಾಡುಗಳು ಸುಮಾರು ೧೨ ಗಂಟೆ ಹಿಡಿಸುತ್ತವೆ. ಆದರೆ ಎಂ.ಪಿ.೩ ಅರಿಯದ ಹಳೆಯ ಪ್ಲೇಯರು ಅದನ್ನು ನುಡಿಸದು. ಅಂತಹ ಪ್ಲೇಯರಿಗೆ ‘ಆಡಿಯೋ ಸಿ.ಡಿ.’ಯನ್ನೇ ಬರೆಯಬೇಕು, ಅದರಲ್ಲಿ ೮೦ ನಿಮಿಷ ಮಾತ್ರ ಹಿಡಿಸುತ್ತದೆ. ಅರವತ್ತು ನಿಮಿಷದ ಕ್ಯಾಸೆಟ್ಟು ಒಂದು ಸಿ.ಡಿ.ಗೆ ಸರಿಹೋಗುತ್ತದೆ, ತೊಂಬತ್ತು ನಿಮಿಷದ್ದಕ್ಕೆ ಎರಡು ಬೇಕು, ಆಗ ಎರಡು ಬದಿಗಳನ್ನು ಬೇರೆ ಬೇರೆಯಾಗಿ ಬರೆಯುವುದೇ ಲೇಸು. ವೀಡಿಯೋ ಕಡತವನ್ನು ಹಾಗೆಯೇ ಡಿ.ವಿ.ಡಿ.ಗೆ ಎಳೆದು ಹಾಕಿದ ಮಾತ್ರಕ್ಕೆ ಟಿ.ವಿ. ಪ್ಲೇಯರು ತೋರಿಸೀತೆಂದು ನಂಬುವಂತಿಲ್ಲ. ಡಿ.ವಿ.ಡಿ.-ವೀಡಿಯೋ ರೂಪಕ್ಕೆ ಅದನ್ನು ಮಾರ್ಪಡಿಸಬೇಕು. ವಿಸ್ಟಾ ಮತ್ತು ವಿಂಡೋಸ್ ೭ರಲ್ಲಿ ಇದಕ್ಕೊಂದು ಸಾಧನವಿತ್ತು, ೨೦೧೨ರ ವಿಂಡೋಸ್ ೮ರಿಂದ ಅದನ್ನು ತೆಗೆದುಹಾಕಿದರು. ಡಿ.ವಿ.ಡಿ.ಸ್ಟೈಲರ್ ಎಂಬ ಉಚಿತ ತಂತ್ರಾಂಶ ಆ ಕೆಲಸ ಮಾಡುತ್ತದೆ. ಅಂದಹಾಗೆ, ೪.೭ ಜಿ.ಬಿ. ಎಂದು ಬರೆದ ಡಿ.ವಿ.ಡಿ.ಯನ್ನು ವಿಂಡೋಸ್ ೪.೩೮ ಎಂದು ತೋರಿಸಿದರೆ ಅಂಗಡಿಯವನನ್ನು ಶಂಕಿಸಬೇಡಿ. ಒಬ್ಬರು ಸಾವಿರದ ಲೆಕ್ಕದಲ್ಲಿ, ಇನ್ನೊಬ್ಬರು ೧೦೨೪ರ ಲೆಕ್ಕದಲ್ಲಿ ಎಣಿಸುವುದರಿಂದ ಬಂದ ವ್ಯತ್ಯಾಸವದು.

ಆಸ್ಪತ್ರೆಯ ಡಿಸ್ಕಿನ ವಿಷಯವನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕು. ಸಿ.ಟಿ., ಎಂ.ಆರ್.ಐ. ಚಿತ್ರಗಳು ‘ಡೈಕಾಂ’ ಎಂಬ ವೈದ್ಯಕೀಯ ರೂಪದಲ್ಲಿರುತ್ತವೆ. ಒಂದು ಪರೀಕ್ಷೆಗೆ ನೂರಾರು ಚಿತ್ರಗಳು, ಪ್ರತಿಯೊಂದರಲ್ಲೂ ರೋಗಿಯ ಹೆಸರು, ದಿನಾಂಕ, ಅಳತೆಯ ಮಾನ, ಕಪ್ಪುಬಿಳುಪಿನ ಸೂಕ್ಷ್ಮ ಛಾಯೆಗಳು ಅಡಕವಾಗಿರುತ್ತವೆ. ಯಾವ ಕಡತ ಎಲ್ಲಿದೆಯೆಂದು ತಿಳಿಸುವ ‘ಡೈಕಾಂಡಿರ್’ ಎಂಬ ಸೂಚಿಯೂ ಆ ಡಿಸ್ಕಿನಲ್ಲಿರುತ್ತದೆ. ಮನೆಯವರು ಅದರಿಂದ ನಾಲ್ಕಾರು ಚಿತ್ರಗಳನ್ನು ಸಾಮಾನ್ಯ ಛಾಯಾಚಿತ್ರಗಳಂತೆ ತೆಗೆದು ಹೊಸ ಸಿ.ಡಿ.ಗೆ ಹಾಕಿ ಕೊಟ್ಟರೆ, ಎರಡನೆಯ ಅಭಿಪ್ರಾಯ ಹೇಳಬೇಕಾದ ತಜ್ಞರು ಗಂತಿಯ ಅಳತೆಯನ್ನು ತೆಗೆಯಲಾರರು, ಛಾಯೆಯನ್ನು ಏರಿಸಿ ಇಳಿಸಿ ನೋಡಲಾರರು. ಪರೀಕ್ಷೆಯನ್ನು ಮತ್ತೆ ಮಾಡಿಸಿಕೊಂಡು ಬನ್ನಿ ಎಂದರೆ ಅವರದು ತಪ್ಪಲ್ಲ. ಆಯ್ದ ಕಡತಗಳನ್ನು ಎಳೆಯದೆ, ಇಡೀ ಡಿಸ್ಕಿನ ಪಡಿಯಚ್ಚನ್ನು ಒಂದೇ ‘ಐ.ಎಸ್.ಓ.’ ಕಡತವಾಗಿ ತೆಗೆದುಕೊಂಡು, ಅದನ್ನೇ ಹೊಸ ಡಿಸ್ಕಿಗೆ ಬರೆಯಿರಿ. ಮೂಲ ಡಿಸ್ಕು ಗೀರುಬಿದ್ದು ಹಾಳಾಗುವ ಮುಂಚೆಯೇ ಇದನ್ನು ಮಾಡಿಟ್ಟುಕೊಳ್ಳುವುದು ಉತ್ತಮ. ರೋಗಿಯ ಹೆಸರು ವಿವರಗಳೆಲ್ಲ ಅದರೊಳಗಿರುವುದರಿಂದ ಬೀದಿಯ ಅಂಗಡಿಯಲ್ಲಿ ಪ್ರತಿ ಮಾಡಿಸದಿರುವುದೂ ಒಳ್ಳೆಯದು.

ಇನ್ನು ತಂತ್ರಾಂಶಗಳ ಹೆಸರು. ಡೇಟಾ ಡಿಸ್ಕಿಗೆ ವಿಂಡೋಸ್ ತಾನೇ ಸಾಕು. ೨೦೦೯ರ ವಿಂಡೋಸ್ ೭ರಿಂದ ಅದು ಐ.ಎಸ್.ಓ. ಕಡತವನ್ನೂ ಬರೆಯಬಲ್ಲದು. ಡಿಸ್ಕಿನಿಂದ ಐ.ಎಸ್.ಓ. ತೆಗೆಯಲು ಮಾತ್ರ ಬೇರೆ ತಂತ್ರಾಂಶ ಬೇಕು. ಇಮ್ಗ್‌ಬರ್ನ್ ಎಂಬುದು ಇದರಲ್ಲಿ ಪಳಗಿದ್ದು, ಉಚಿತವಾದದ್ದು. ೨೦೧೩ರ ಆವೃತ್ತಿಯೇ ಈಗಲೂ ಬಳಕೆಯಲ್ಲಿದೆ. ಹೊಸಬರಿಗೆ ಅದರ ಮುಖ ಕೊಂಚ ಒರಟು. ಸಿ.ಡಿ.ಬರ್ನರ್ ಎಕ್ಸ್.ಪಿ. ಸರಳವಾದದ್ದು, ಹೆಸರಿನಲ್ಲಿ ಎಕ್ಸ್.ಪಿ. ಇದ್ದರೂ ಮುಂದಿನ ವಿಂಡೋಸುಗಳಲ್ಲೂ ನಡೆಯುತ್ತದೆ. ಲಿನಕ್ಸ್‌ನವರಿಗೆ ಕೆ೩ಬಿ ಇದೆ. ಇಂತಹ ಉಚಿತ ತಂತ್ರಾಂಶಗಳನ್ನು ಸ್ಥಾಪಿಸುವಾಗ ಪ್ರತಿ ಪುಟವನ್ನೂ ಓದಿ ಮುಂದುವರಿಯಬೇಕು. ಬೇಡದ ಸರಕನ್ನು ಜೊತೆಗೆ ಅಂಟಿಸುವ ಚಾಳಿ ಕೆಲವಕ್ಕುಂಟು. ಹಣ ಕೊಟ್ಟು ಕೊಳ್ಳುವುದರಲ್ಲಿ ನೀರೋ ಪ್ರಸಿದ್ಧ. ರೋಮ್ ನಗರ ಉರಿಯುತ್ತಿದ್ದಾಗ ಪಿಟೀಲು ನುಡಿಸಿದನೆಂದು ಹೇಳುವ ಚಕ್ರವರ್ತಿಯ ಹೆಸರನ್ನು ‘ಬರ್ನಿಂಗ್ ರಾಮ್’ ಎಂಬ ಶ್ಲೇಷೆಗೆ ಜೋಡಿಸಿದ ಜರ್ಮನರ ವಿನೋದವನ್ನು ಮೆಚ್ಚಲೇಬೇಕು. ಆದರೆ ಅದರ ಪಡಿಯಚ್ಚಿಗೆ ‘ಎನ್.ಆರ್.ಜಿ.’ ಎಂಬ ತನ್ನದೇ ರೂಪವುಂಟು. ಅದರಲ್ಲಿ ಉಳಿಸಿದರೆ ಬೇರೆಯವರು ತೆರೆಯಲು ಪರದಾಡಬೇಕು, ಐ.ಎಸ್.ಓ. ರೂಪವನ್ನೇ ಆರಿಸಿ. ಸಾಧಾರಣ ಕುಟುಂಬಕ್ಕೆ ಹಣ ತೆರುವ ಅಗತ್ಯ ನನಗೆ ಕಾಣದು.

ಯಾವುದನ್ನೇ ಆರಿಸಿದರೂ ‘ವೆರಿಫೈ’ ಎಂಬ ಆಯ್ಕೆ ಅದರಲ್ಲಿರಬೇಕು. ಬರೆದಾದ ಮೇಲೆ ತಂತ್ರಾಂಶವು ಡಿಸ್ಕನ್ನು ಆದಿಯಿಂದ ಓದಿ ಮೂಲದೊಡನೆ ತಾಳೆ ನೋಡುತ್ತದೆ. ಸಮಯ ಹೆಚ್ಚು ಹಿಡಿಯುತ್ತದೆಂದು ಇದನ್ನು ಬಿಡುವವರೇ ಬಹಳ. ಚಹಾ ಕುಡಿದು ಬರುವಷ್ಟು ಹೊತ್ತು, ಅಷ್ಟೆ.

ಕನ್ನಡದ ಕಡತಗಳಿಗೆ ಇನ್ನೊಂದು ಎಚ್ಚರಿಕೆ ಬೇಕು. ಡಿಸ್ಕಿನ ಮೂಲ ಕಡತವ್ಯವಸ್ಥೆಯಾದ ಐ.ಎಸ್.ಓ. ೯೬೬೦ರಲ್ಲಿ ಕನ್ನಡ ಹೆಸರುಗಳಿಗೆ ಎಡೆಯಿಲ್ಲ. ‘ಜೋಲಿಯೆಟ್’ ಅಥವಾ ‘ಯು.ಡಿ.ಎಫ್.’ ಆರಿಸಿದರೆ ಯೂನಿಕೋಡಿನ ಕನ್ನಡ ಹೆಸರುಗಳು ಉಳಿಯುತ್ತವೆ. ನುಡಿ, ಬರಹಗಳ ಹಳೆಯ ಅಕ್ಷರಗಳಲ್ಲಿ ಬೆರಳಚ್ಚಿಸಿದ ವಂಶವೃಕ್ಷವೋ ಹಾಡಿನ ಪಟ್ಟಿಯೋ ಇದ್ದರೆ, ಆ ಫಾಂಟನ್ನೂ ಅದೇ ಡಿಸ್ಕಿನಲ್ಲಿ ಹಾಕಿಡಿ. ಫಾಂಟಿಲ್ಲದ ಯಂತ್ರದಲ್ಲಿ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಕಾಣುತ್ತದೆ. ಊರಿಗೆ ಕಳುಹಿಸುವ ಮುನ್ನ ಆ ಡಿಸ್ಕನ್ನು ನೆರೆಮನೆಯವರ ಯಂತ್ರದಲ್ಲೊಮ್ಮೆ ತೆರೆದು ನೋಡಿ, ಹೆಸರನ್ನೂ ದಿನಾಂಕವನ್ನೂ ನೀರಿನ ಶಾಯಿಯ ಡಿಸ್ಕ್ ಪೆನ್ನಿನಿಂದ ಬರೆದು, ಇನ್ನೊಂದು ಪ್ರತಿಯನ್ನು ಬಿಸಿಲು ಬೀಳದ ಕಡೆ ನಿಮ್ಮಲ್ಲೇ ಇರಿಸಿಕೊಳ್ಳಿ.