ಸಂಜೆಗೆ ಮಾತ್ರ ಬರುವ ಸಮುದ್ರ

ಗೋಕರ್ಣದ ಕಡಲ ದಂಡೆಯಲ್ಲಿ ಚಾರಣಕ್ಕೆ ಹೊರಟವರ ಕಿವಿಗೆ ಬೀಳುವ ಮೊದಲ ಬುದ್ಧಿಮಾತು ಇದು: ‘ಬೆಳಿಗ್ಗೆ ಹೋಗಿ ಸರ್, ಆಗ ನೀರು ಹಿಂದೆ ಇರ್ತದೆ. ಸಂಜೆಗೆ ಮೇಲೆ ಬರ್ತದೆ.’ ರೂಮು ಕೊಡುವವರು ಹೇಳುತ್ತಾರೆ, ಹಿಂದೊಮ್ಮೆ ಬಂದುಹೋದ ಗೆಳೆಯ ಹೇಳುತ್ತಾನೆ, ಇನ್‌ಸ್ಟಾಗ್ರಾಮ್ ರೀಲಿನಲ್ಲಿ ಬಾಣದ ಗುರುತು ಹಾಕಿಯೇ ತೋರಿಸುತ್ತಾರೆ. ಕೇಳಿದವರೆಲ್ಲ ತಲೆಯಾಡಿಸುತ್ತಾರೆ. ಸಮುದ್ರವೇನು ಸರ್ಕಾರಿ ನೌಕರನೇ, ದಿನಾ ಅದೇ ಹೊತ್ತಿಗೆ ಬಂದು ಹಾಜರಿ ಹಾಕಲು?

ಚಂದ್ರನ ಸೆಳೆತದ ಪಾಠ ಶಾಲೆಯಲ್ಲೇ ಆಗಿದೆ, ಅದನ್ನು ಬಿಡೋಣ. ನಡೆಯುವವನಿಗೆ ಬೇಕಾದ ಲೆಕ್ಕ ಚಿಕ್ಕದು. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಭರತ, ಎರಡು ಇಳಿತ. ಒಂದು ಭರತದಿಂದ ಇನ್ನೊಂದಕ್ಕೆ ಸುಮಾರು 12 ಗಂಟೆ 25 ನಿಮಿಷ. ಹಾಗಾಗಿ ಇವತ್ತು ಒಂಬತ್ತಕ್ಕೆ ಇಳಿತವಿದ್ದರೆ ನಾಳೆ ಒಂಬತ್ತೂಮುಕ್ಕಾಲು ದಾಟುತ್ತದೆ. ದಿನಕ್ಕೆ ಸರಾಸರಿ 50 ನಿಮಿಷ ಜಾರಿದರೆ ವಾರಕ್ಕೆ ಹೆಚ್ಚುಕಡಿಮೆ ಆರು ಗಂಟೆ. ಆರು ಗಂಟೆ ಜಾರಿತೆಂದರೆ ಇಳಿತವಿದ್ದ ಹೊತ್ತಿನಲ್ಲಿ ಭರತ ಬಂದು ಕೂತಿರುತ್ತದೆ.

ಬೆಂಗಳೂರು, ಹುಬ್ಬಳ್ಳಿಗಳಿಂದ ಚಾರಣಕ್ಕೆ ಬರುವವರು ಬರುವುದು ಯಾವಾಗ? ಶನಿವಾರ, ಭಾನುವಾರ. ಅಂದರೆ ಸರಿಯಾಗಿ ಏಳು ದಿನಕ್ಕೊಮ್ಮೆ. ‘ಹೋದ ಶನಿವಾರ ನಮ್ಮವರು ಹನ್ನೊಂದು ಗಂಟೆಗೆ ಬಂಡೆ ಬುಡದಲ್ಲೇ ನಡೆದು ಹೋದರಂತೆ’ ಎಂದು ನಂಬಿ ಈ ಶನಿವಾರ ಹನ್ನೊಂದಕ್ಕೆ ಅಲ್ಲಿಗಿಳಿದವರಿಗೆ ಕಾಣುವುದು ಅದೇ ಬಂಡೆಯ ನೆತ್ತಿಗೆ ಹೊಡೆಯುತ್ತಿರುವ ನೀರು. ಮೋಸಹೋಗಲು ಇದಕ್ಕಿಂತ ಕರಾರುವಾಕ್ಕಾದ ಅಂತರವನ್ನು ಹುಡುಕಿದರೂ ಸಿಗದು.

ಕುಮಟಾದಿಂದ ಕಡ್ಲೆ, ಬಾಡ, ಅಘನಾಶಿನಿ ಊರು ಹಾದು, ದೋಣಿಯಲ್ಲಿ ತದಡಿಗೆ ದಾಟಿ, ಬೇಲೆಕಾನ್, ಪ್ಯಾರಡೈಸ್, ಹಾಫ್‌ಮೂನ್, ಓಂ, ಕುಡ್ಲೆ ಕಡಲತೀರಗಳನ್ನು ಮುಗಿಸಿ ಗೋಕರ್ಣ ಸೇರುವ ದಾರಿಯಲ್ಲಿ ಮರಳಿನಷ್ಟೇ ಗುಡ್ಡವೂ ಇದೆ. ಎರಡು ತೀರಗಳ ನಡುವೆ ಕಡಲಿಗೆ ಮೂಗು ಚಾಚಿದ ಗುಡ್ಡ. ಅದನ್ನು ಹತ್ತಿ ಇಳಿಯಲು ಮರಗಳ ನಡುವೆ ಕಾಲುದಾರಿ. ಆ ದಾರಿಯಲ್ಲಿ ಹೋದವನಿಗೆ ಭರತವೂ ಒಂದೇ, ಇಳಿತವೂ ಒಂದೇ. ಆದರೆ ಏರು ಹತ್ತುವುದು ಬೇಸರ, ಬಂಡೆಗಳ ಬುಡದಿಂದ ಸುತ್ತಿ ಹೋದರೆ ಫೋಟೊ ಚೆನ್ನಾಗಿ ಬರುತ್ತದೆ. ತೊಂದರೆ ಶುರುವಾಗುವುದು ಅಲ್ಲಿ. ಹೋಗುವಾಗ ಪಾದ ಒದ್ದೆಯಾಗದ ಜಾಗದಲ್ಲಿ ಮರಳುವಾಗ ಸೊಂಟಮಟ್ಟ ನೀರು.

ನೀರು ಆರು ಗಂಟೆಯ ಉದ್ದಕ್ಕೂ ಒಂದೇ ಸಮನೆ ಏರುವುದೂ ಇಲ್ಲ. ಮೊದಲ ಗಂಟೆಯಲ್ಲಿ ಏರಿತೆಂದು ಗೊತ್ತೇ ಆಗುವುದಿಲ್ಲ. ಮಧ್ಯದ ಎರಡು ಗಂಟೆಯಲ್ಲೇ ಒಟ್ಟು ಏರಿಕೆಯ ಅರ್ಧದಷ್ಟು ಮುಗಿದಿರುತ್ತದೆ. ‘ಇಷ್ಟು ಹೊತ್ತು ಕೂತೆವು, ಏನೂ ಆಗಲಿಲ್ಲ, ಇನ್ನೊಂದು ತಾಸು ಕೂರೋಣ’ ಅನ್ನುವವರ ಲೆಕ್ಕ ತಪ್ಪುವುದು ಈ ಮಧ್ಯದ ಎರಡು ಗಂಟೆಯಲ್ಲಿ. ನಮ್ಮಲ್ಲಿ ಭರತ ದೊಡ್ಡದಲ್ಲ ನಿಜ. ಗುಜರಾತಿನ ಭಾವನಗರದ ಕಡೆ ಹತ್ತು ಮೀಟರಿನಷ್ಟು ಏರುವ ಕಡಲು, ಇಲ್ಲಿ ಹುಣ್ಣಿಮೆಗೂ ಎರಡು ಮೀಟರಿನ ಒಳಗೇ. ಆದರೆ ಅದರ ಮೇಲೆ ಅಲೆ ಬೇರೆ ಇರುತ್ತದಲ್ಲ.

ಹಾಗಿದ್ದರೆ ‘ಸಂಜೆಗೆ ನೀರು ಬರುತ್ತದೆ’ ಎಂಬುದು ಹುಟ್ಟಿದ್ದೆಲ್ಲಿ? ಗಾಳಿಯಿಂದ. ಮಳೆಗಾಲ ಮುಗಿದ ಮೇಲೆ ಚಾರಣದ ತಿಂಗಳುಗಳಲ್ಲಿ ಬೆಳಗಿನ ಕಡಲು ನುಣ್ಣಗಿರುತ್ತದೆ. ಬಿಸಿಲೇರಿ ನೆಲ ಕಾದಂತೆ ಕಡಲಗಾಳಿ ಎದ್ದು, ಮಧ್ಯಾಹ್ನದ ಮೇಲೆ ಅಲೆ ಒರಟಾಗುತ್ತದೆ, ನೊರೆ ದಂಡೆಯ ಮೇಲಕ್ಕೆ ನುಗ್ಗುತ್ತದೆ. ನೋಡುವವನಿಗೆ ಸಮುದ್ರ ಮುಂದೆ ಬಂದ ಹಾಗೆಯೇ. ಅಲೆಯನ್ನು ನೋಡಿ ಭರತ ಎಂದುಕೊಂಡವರು ಹೇಳಿದ್ದನ್ನು ಉಳಿದವರು ಹೇಳುತ್ತ ಬಂದರು. ಜೊತೆಗೆ ಎರಡು ವಾರ ಬಿಟ್ಟು ಬಂದವನಿಗೆ ಭರತದ ಹೊತ್ತು ಸುತ್ತು ಹಾಕಿ ಮೊದಲಿನ ಜಾಗಕ್ಕೇ ಹೆಚ್ಚುಕಡಿಮೆ ಮರಳಿರುತ್ತದೆ. ‘ನಾನೇ ಕಣ್ಣಾರೆ ಕಂಡಿದ್ದೇನೆ’ ಎಂದು ಅವನು ಪ್ರಮಾಣ ಮಾಡುತ್ತಾನೆ. ಕಂಡದ್ದು ನಿಜವೇ, ನಡುವಿನ ವಾರ ಕಾಣಲಿಲ್ಲ, ಅಷ್ಟೆ.

ಈ ನಂಬಿಕೆಗೆ ಗೋಕರ್ಣದಲ್ಲೇ ಉತ್ತರವಿದೆ. ಮಹಾಶಿವರಾತ್ರಿ ಬರುವುದು ಬಹುಳ ಚತುರ್ದಶಿಗೆ. ಹಾಗಾಗಿ ಪ್ರತಿ ಶಿವರಾತ್ರಿಯಂದು ಇಲ್ಲಿ ಬೆಳಿಗ್ಗೆ ಹತ್ತರ ಆಸುಪಾಸಿಗೆ ಭರತ, ಮಧ್ಯಾಹ್ನ ನಾಲ್ಕರ ಸುಮಾರಿಗೆ ಇಳಿತ. ಸಮುದ್ರಸ್ನಾನಕ್ಕೆ ಸೇರುವ ಸಾವಿರಾರು ಜನರ ಕಣ್ಣೆದುರೇ, ವರ್ಷ ವರ್ಷವೂ, ಕಡಲು ಈ ಬುದ್ಧಿಮಾತಿಗೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತದೆ.

ತಿಥಿಯಿಂದ ಹೊತ್ತು ಹೇಳಿದ್ದು ಪವಾಡವಲ್ಲ. ಕೊಂಕಣ ಕರಾವಳಿಯ ಮೀನುಗಾರರ ಹಳೆಯ ಲೆಕ್ಕವೊಂದಿದೆ: ತಿಥಿಯ ಸಂಖ್ಯೆಯ ಮುಕ್ಕಾಲು ಭಾಗವೇ ಭರತದ ಗಂಟೆ. ಚೌತಿಗೆ ಮೂರು, ಅಷ್ಟಮಿಗೆ ಆರು, ದ್ವಾದಶಿಗೆ ಒಂಬತ್ತು. ಇದು ಮುಂಬೈ ಕಡೆಗೆ ಕೂರುವ ಲೆಕ್ಕ. ಕಾರವಾರ, ಗೋಕರ್ಣದಲ್ಲಿ ಗಂಟೆಯ ಆಸುಪಾಸು ಮೊದಲೇ ಆಗುತ್ತದೆ. ಸ್ವಲ್ಪ ಆಚೀಚೆಯಾದರೂ ದಾರಿಹೋಕನಿಗೆ ಸಾಕು. ನಿಮಿಷದ ಲೆಕ್ಕವೇ ಬೇಕೆಂದರೆ ಸರ್ವೆ ಆಫ್ ಇಂಡಿಯಾ ಪ್ರತಿವರ್ಷ ಪಟ್ಟಿ ಅಚ್ಚು ಹಾಕುತ್ತದೆ, ಹೈದರಾಬಾದಿನ ಇನ್‌ಕೋಯಿಸ್ ಸಂಸ್ಥೆ ಮುನ್ಸೂಚನೆ ಕೊಡುತ್ತದೆ. ಅಘನಾಶಿನಿಯ ಅಳಿವೆಯಲ್ಲಿ ಬಳಚು ಹೆಕ್ಕಲು ಇಳಿಯುವ ಹೆಂಗಸರಿಗೆ ಇದ್ಯಾವುದೂ ಬೇಕಿಲ್ಲ. ಅವರು ನಾಳೆ ಹೋಗುವುದು ಇವತ್ತಿನ ಹೊತ್ತಿಗಲ್ಲ, ಮುಕ್ಕಾಲು ತಾಸು ತಡವಾಗಿ. ದಾರಿ ಕೇಳುವುದಿದ್ದರೆ ಅವರನ್ನು ಕೇಳಬೇಕು. ನಾವು ಕೇಳುವುದು ಮೊನ್ನೆ ಮೊನ್ನೆ ಬೇರೆ ಊರಿಂದ ಕೆಲಸಕ್ಕೆ ಬಂದ ಹೋಟೆಲಿನ ಹುಡುಗನನ್ನು. ಆಮೇಲೆ ‘ಲೋಕಲ್‌ನವರೇ ಹೇಳಿದ್ರು’ ಎನ್ನುವುದು.

ಯಾರನ್ನೂ ಕೇಳದೆಯೂ ತಿಳಿಯಬಹುದು. ಬಂಡೆಯ ಬದಿಗೆ ಬಗ್ಗಿ ನೋಡಿ. ಮೇಲ್ಗಡೆ ಒಣಗಿದ ಬರಿಗಲ್ಲು. ಅದರ ಕೆಳಗೆ ಕಪ್ಪು ಪಟ್ಟೆ, ಕಾಲಿಟ್ಟರೆ ಜಾರುತ್ತದೆ. ಇನ್ನೂ ಕೆಳಗೆ ಗುಬುಟು ಗುಬುಟಾಗಿ ಅಂಟಿಕೊಂಡ ಬಿಳಿ ಚಿಪ್ಪುಗಳ ಸಾಲು. ಕೈಯೂರಿದರೆ ಅಂಗೈ ಗೀರಿ ರಕ್ತ ಬರುತ್ತದೆ. ಆ ಚಿಪ್ಪಿನೊಳಗಿನ ಜೀವಿ ಕಡಲ ನೀರು ಮುಟ್ಟದ ಎತ್ತರದಲ್ಲಿ ಬದುಕಲಾರದು. ಚಿಪ್ಪಿನ ಸಾಲು ನಿಮ್ಮ ಸೊಂಟದ ಮಟ್ಟಕ್ಕಿದ್ದರೆ ಅಲ್ಲಿವರೆಗೆ ನೀರು ಬಂದೇ ಬರುತ್ತದೆ, ಗಂಟೆ ಎಷ್ಟೇ ಆಗಿರಲಿ. ಬುತ್ತಿ ಬಿಚ್ಚಿ ಕೂರಲು ಬೇರೆ ಜಾಗ ನೋಡಿ.

‘ಹುಣ್ಣಿಮೆ, ಅಮಾವಾಸ್ಯೆಗೆ ಸಮುದ್ರದ ಹತ್ತಿರ ಹೋಗಬಾರದು’ ಎಂಬುದು ಅರ್ಧಸತ್ಯ. ಆ ದಿನಗಳಲ್ಲಿ, ಅದರಲ್ಲೂ ಮರುದಿನ ಮೂರನೇ ದಿನ, ಭರತ ದೊಡ್ಡದು ಹೌದು; ಇಳಿತವೂ ಅಷ್ಟೇ ಆಳ. ಬಂಡೆಗಳ ಬುಡ ಪೂರ್ತಿ ಬಯಲಾಗುವುದು ಆಗಲೇ. ಗೋಕರ್ಣದಲ್ಲಿ ಅದು ಸಾಯಂಕಾಲ ಐದರ ಸುಮಾರಿಗೆ, ಅಂದರೆ ನೀರು ಬರುತ್ತದೆಂದು ಹೆದರಿಸುವ ಅದೇ ಸಂಜೆಗೆ.

ಉಳಿದ ನಂಬಿಕೆಗಳಿಗೆ ಒಂದೊಂದು ಮಾತು ಸಾಕು. ಅಲೆ ಒಡೆಯದ ಶಾಂತ ಜಾಗ ಈಜಲು ಕ್ಷೇಮವಲ್ಲ. ದಂಡೆಗೆ ಬಂದ ನೀರು ಹೊರಗೆ ಹರಿಯುವ ಓಣಿ ಎಷ್ಟೋ ಸಲ ಅದೇ, ಸಿಕ್ಕಿಬಿದ್ದರೆ ದಂಡೆಯ ಕಡೆ ಗುದ್ದಾಡದೆ ಅಡ್ಡಕ್ಕೆ ಈಜಿ ಹೊರಬರಬೇಕು. ಏಳನೇ ಅಲೆಯೇ ದೊಡ್ಡದು ಎಂಬುದಕ್ಕೆ ಆಧಾರವಿಲ್ಲ, ದೊಡ್ಡ ಅಲೆಗೆ ಎಣಿಕೆ ಬರುವುದಿಲ್ಲ. ಆಕಾಶ ತಿಳಿಯಾಗಿದ್ದರೆ ಕಡಲೂ ತಿಳಿ ಎನ್ನಬೇಡಿ. ದಕ್ಷಿಣದ ಮಹಾಸಾಗರದಲ್ಲಿ ಎದ್ದ ಅಲೆ ಸಾವಿರಾರು ಕಿಲೋಮೀಟರ್ ದಾಟಿ ಬಿಸಿಲಿನಲ್ಲೇ ಬಂದು ಬಡಿಯಬಲ್ಲದು. ಹಸಿರು ಬಳ್ಳಿಹಾವು ಕಣ್ಣಿಗೆ ಕುಕ್ಕಲು ಕಾಯುವುದಿಲ್ಲ, ಅದು ಕಾಯುವುದು ಹಲ್ಲಿ, ಓತಿಗಳಿಗೆ. ಬಲೆಯಿಂದ ದಂಡೆಗೆ ಎಸೆದ ಕಡಲಹಾವು ನೀರಹಾವಲ್ಲವೇ ಎಂದು ಬಾಲ ಹಿಡಿಯಬೇಡಿ, ಅದರ ವಿಷ ನಾಗರಹಾವಿನದ್ದಕ್ಕೇನೂ ಕಡಿಮೆಯಿಲ್ಲ. ಚಿರೆಕಲ್ಲಿನ ಬೋಳುಗುಡ್ಡ ಪಾಳು ಜಾಗವಲ್ಲ; ಮಳೆಗಾಲದಲ್ಲಿ ಕೀಟ ಹಿಡಿದು ತಿನ್ನುವ ಗಿಡಗಳು ಬೆಳೆಯುವುದು ಇಂಥ ಕಡೆಯೇ. ಆ ಗುಡ್ಡದ ಅಂಚು ಗಟ್ಟಿ ಎಂದೂ ತಿಳಿಯಬೇಡಿ, ಕೆಳಗಿನ ಮಣ್ಣು ಕೊರೆದುಹೋಗಿದ್ದರೆ ಸೆಲ್ಫಿಗೆ ನಿಂತವರ ಭಾರಕ್ಕೇ ಕುಸಿಯುತ್ತದೆ.

ಇದೆಲ್ಲ ಗುಟ್ಟಿನ ಜ್ಞಾನವೇನಲ್ಲ. ನೋಡಿ ತಿಳಿಯುವ ಬದಲು ಕೇಳಿ ನಂಬುವುದು ನಮಗೆ ಸುಲಭ, ಕೇಳಿದ್ದನ್ನು ದಾಟಿಸುವುದು ಅದಕ್ಕಿಂತ ಸುಲಭ. ತಮಾಷೆಯೆಂದರೆ, ಕ್ಯಾಲೆಂಡರ್ ನೋಡದೆ ಹೊರಡುವವರು ನಾವಲ್ಲ. ಶನಿವಾರ ಒಂಬತ್ತರಿಂದ ಹತ್ತೂವರೆ ರಾಹುಕಾಲ ಎಂದು ಬಸ್ಸಿಗೇ ಅರ್ಧ ಗಂಟೆ ಮೊದಲು ಹತ್ತುತ್ತೇವೆ. ಅದೇ ಚೌಕದಲ್ಲಿ, ಅದೇ ಸಣ್ಣಕ್ಷರದಲ್ಲಿ ತಿಥಿಯೂ ಅಚ್ಚಾಗಿರುತ್ತದೆ. ಒಂದು ನಮ್ಮ ಪ್ರಯಾಣದ ಬಗ್ಗೆ ಏನನ್ನೂ ಹೇಳಲಾರದು, ಇನ್ನೊಂದು ನೀರು ಎಷ್ಟು ಹೊತ್ತಿಗೆ ದಾರಿ ಮುಚ್ಚುತ್ತದೆ ಎಂದು ಹೇಳಬಲ್ಲದು. ನಾವು ಓದುವುದು ಮೊದಲನೆಯದನ್ನು. ಓದಿ, ಬೇಡವೆನ್ನುವುದಿಲ್ಲ. ಆದರೆ ಕಣ್ಣು ಹೇಗೂ ಅಲ್ಲಿಗೆ ಹೋಗಿರುತ್ತದಲ್ಲ, ಅರ್ಧ ಅಂಗುಲ ಪಕ್ಕಕ್ಕೆ ಸರಿಸಿದರೆ ಗಂಟೇನು ಹೋಗುತ್ತದೆ?